ಬೋರ್ಗಿಲ್ಡ್ ಹಚ್ಚಿದ ಮೇಣ

ಚಳಿಗಾಲದ ಬೆಳಿಗ್ಗೆ ಹಿಮದ ಮೇಲೆ ಜಾರುವ ಸ್ಕೀ ಹಲಗೆಗೆ ಯಾವ ಮೇಣ ಹಚ್ಚಬೇಕು ಎಂಬ ಪ್ರಶ್ನೆ ನಮ್ಮ ಕಣಿವೆಯ ಯಾವ ಮನೆಯಲ್ಲಿ ಎದ್ದರೂ ಉತ್ತರಕ್ಕೆ ಬೋರ್ಗಿಲ್ಡಳ ಅಂಗಳಕ್ಕೇ ಹೋಗಬೇಕು. ಅವಳು ಕುರಿ ಸಾಕುವವಳು. ಕೊಟ್ಟಿಗೆಯಿಂದ ಹೊರಬಂದು ಒಂದು ಹಿಡಿ ಹಿಮ ಎತ್ತುತ್ತಾಳೆ, ಹಿಂಡುತ್ತಾಳೆ, "ನೀಲಿ" ಎಂದೋ "ನೇರಳೆ" ಎಂದೋ ಹೇಳಿ ಒಳಗೆ ಹೋಗಿಬಿಡುತ್ತಾಳೆ. ಕೊರೆಯುವ ಹಿಮಕ್ಕೆ ನೀಲಿ ಡಬ್ಬಿಯ ಮೇಣ, ಕರಗಲು ಹೊರಟ ಹಿಮಕ್ಕೆ ಕೆಂಪು ಡಬ್ಬಿಯದು. ಅಷ್ಟು ನಮ್ಮ ಪುಟ್ಟ ಮಕ್ಕಳಿಗೂ ಗೊತ್ತು. ಆದರೂ ಅವಳ ಬಾಯಿಂದ ಬಂದರೇ ನಮಗೆ ಸಮಾಧಾನ. ನಾನು ಊರ ಅಂಗಡಿಯ ಗಲ್ಲಾದಲ್ಲಿ ಕೂರುವವಳು. ಮೇಣ ಕೊಳ್ಳಲು ಬಂದವರು ನನ್ನ ಹಿಂದಿನ ಕಿಟಕಿಯ ಹೊರಗೆ ತೂಗುಹಾಕಿರುವ ಥರ್ಮಾಮೀಟರ್ ಕಡೆ ಕಣ್ಣೆತ್ತಿಯೂ ನೋಡದೆ, "ಸಿನ್ನವೆ, ಬೋರ್ಗಿಲ್ಡ್ ಇವತ್ತು ಏನಂದ್ಲು?" ಎಂದು ಕೇಳುತ್ತಾರೆ.

ಅವಳು ಮದುವೆಯಾಗಲಿಲ್ಲ. ಯಾಕೆಂದು ಕೆದಕಿದವರಿಗೆ, "ಬೆಟ್ಟದಲ್ಲಿ ನನ್ನ ಹಿಂದೆ ಬರೋಕೆ ಯಾವನಿಗೂ ಉಸಿರು ಸಾಲ್ಲಿಲ್ಲ" ಎನ್ನುತ್ತಿದ್ದಳು. ನನಗೂ ಸಾಲುತ್ತಿರಲಿಲ್ಲ, ಆದರೆ ನಾನು ಬಿಡದೆ ಹೋಗುತ್ತಿದ್ದೆ. ನಮ್ಮ ಸ್ನೇಹವೆಂದರೆ ಬಹುಪಾಲು ಅವಳ ಬೆನ್ನು ಮತ್ತು ಅವಳ ತಲೆಯ ಮೇಲಿನ ಕೆಂಪು ಟೋಪಿ. ಈಸ್ಟರ್ ಹತ್ತಿರ ಬಂತೆಂದರೆ ಊರಿನ ಕೆಲವರು ಬೆಟ್ಟದ ಮೇಲಿನ ತಂಗುಮನೆಯವರೆಗೆ ಬರ್ಚ್ ಕೊಂಬೆಗಳನ್ನು ಹಿಮದಲ್ಲಿ ಸಾಲಾಗಿ ನೆಡುತ್ತೇವೆ. ಮಂಜು ಕವಿದಾಗ ಹಬ್ಬದ ರಜೆಗೆಂದು ಪಟ್ಟಣದಿಂದ ಬಂದವರು ದಾರಿ ತಪ್ಪಬಾರದಲ್ಲ. ಎಲ್ಲರಿಗಿಂತ ಮುಂದೆ ಹೋಗಿ ದಾರಿ ಗುರುತಿಸುವ ಕೆಲಸ ಬೋರ್ಗಿಲ್ಡಳದು. ಅದನ್ನು ಅವಳಿಗೆ ಯಾರೂ ವಹಿಸಿದ್ದಲ್ಲ, ಅವಳೂ ಯಾರನ್ನೂ ಕೇಳಿದ್ದಲ್ಲ.

ಆ ವರ್ಷ ಕೊಂಬೆ ನೆಡುವ ಮುಂಚಿನ ಭಾನುವಾರ, "ಹಿಮ ಹೇಗೆ ಬಿದ್ದಿದೆ ನೋಡ್ಕೊಂಡು ಬರೋಣ ಬಾರೇ" ಎಂದು ಕರೆದಳು. ಅವಳ ಅಂಗಳದಲ್ಲಿ ನನ್ನ ಸ್ಕೀಗಳನ್ನು ಎಂದಿನಂತೆ ಅವಳ ಕೈಗೆ ಕೊಟ್ಟೆ. ಹಿಮ ಹಿಂಡಿ, "ನೀಲಿ" ಎಂದಳು. ನಾನು ಬೆನ್ನುಚೀಲಕ್ಕೆ ಕಿತ್ತಳೆ, ಕಾಫಿ, ಕಂದು ಚೀಸ್ ಹಚ್ಚಿದ ಬ್ರೆಡ್ಡು ತುಂಬುವಷ್ಟರಲ್ಲಿ ಇಬ್ಬರ ಸ್ಕೀಗೂ ಮೇಣ ಹಚ್ಚಿ ಮುಗಿಸಿದ್ದಳು.

ಹೊರಟಾಗ ಅವಳು ಒಂದು ಮಾತು ಹೇಳಿದಳು. "ಇವತ್ತು ನೀನು ಮುಂದೆ ಹೋಗು."

"ಯಾಕೆ, ವಯಸ್ಸಾಯ್ತಾ?"

"ನಿನ್ನ ಕುಂಡಿ ನೋಡೋ ಭಾಗ್ಯ ನನಗೂ ಇರ್ಲಿ."

ನಕ್ಕು ಮುಂದೆ ನಡೆದೆ. ಕೊನೆಯ ಮರಗಳನ್ನು ದಾಟಿ ಬಯಲಿಗೆ ಬರುತ್ತಿದ್ದಂತೆ ಸ್ಕೀ ಭಾರವಾಯಿತು. ಜಾರುತ್ತಿಲ್ಲ. ಎತ್ತಿ ನೋಡಿದರೆ ಅಡಿಗೆ ಹಿಮ ಗಟ್ಟಿಯಾಗಿ ಮೆತ್ತಿಕೊಂಡು, ನಾನು ಗೇಣುದ್ದದ ಹಿಮ್ಮಡಿಯ ಚಪ್ಪಲಿ ಹಾಕಿದವಳ ಹಾಗೆ ನಿಂತಿದ್ದೆ. ಹಿಂದೆ ಅವಳದೂ ಅದೇ ಪಾಡು. ಉಗುರಿನಿಂದ ಕೆರೆದು ನೋಡಿದೆ. ಕೆಂಪು ಮೇಣ.

ನನಗೆ ನಗು ತಡೆಯಲಾಗಲಿಲ್ಲ. "ಬೋರ್ಗಿಲ್ಡ್! ಇದನ್ನ ಅಂಗಡಿ ಬಾಗಿಲಿಗೆ ಬರೆದು ಅಂಟಿಸ್ತೀನಿ ನೋಡು! ಕಣಿವೆಗೆಲ್ಲಾ ಬುದ್ಧಿ ಹೇಳೋಳು ಕೊರೆಯೋ ಹಿಮಕ್ಕೆ ಕೆಂಪು ಬಳಿದಿದ್ದಾಳೆ!"

ಅವಳು ನಗಲಿಲ್ಲ. ತಿರುಗಿ ಬೈಯಲೂ ಇಲ್ಲ. ಚೀಲ ಇಳಿಸಿ ಅದರ ಮೇಲೆ ಕೂತು, ಡಬ್ಬಿಗಳೆರಡನ್ನೂ ಹೊರತೆಗೆದು ನನ್ನ ಕಡೆ ಚಾಚಿದಳು.

"ನೀಲಿ ಯಾವುದು ಹೇಳು."

"ಎಡಗೈಯಲ್ಲಿರೋದು."

"ನನಗೆ ಎರಡೂ ಒಂದೇ ಕಣೇ." ಡಬ್ಬಿಗಳನ್ನು ಮಡಿಲಲ್ಲಿಟ್ಟುಕೊಂಡಳು. "ಎಲ್ಲಿ ನೋಡಿದ್ರೂ ನಡುವೆ ಏನೂ ಕಾಣಲ್ಲ. ಅಂಚಲ್ಲಿ ಮಸುಕು ಮಸುಕು. ನಿನ್ನ ಮುಖ ನೋಡಿದ್ರೆ ಎರಡು ಕಿವಿ ಇವೆ, ಮೂಗಿಲ್ಲ."

"ಮೂಗಿಲ್ಲದಿದ್ರೇ ಚೆನ್ನಾಗಿ ಕಾಣ್ತೀನಿ ಬಿಡು" ಎಂದೆ.

ಪಟ್ಟಣದ ವೈದ್ಯರು ಮದ್ದಿಲ್ಲ ಎಂದಿದ್ದರಂತೆ. ಯಾರಿಗೂ ಹೇಳಿರಲಿಲ್ಲ. "ಹೇಳಿದ್ರೆ ಎಲ್ರೂ ಒಳ್ಳೇ ಮಾತಾಡ್ತಾರೆ, ಕೇಕ್ ತಂದ್ಕೊಡ್ತಾರೆ, ಸ್ಕೀ ಅಟ್ಟಕ್ಕೆ ಎತ್ತಿಡ್ತಾರೆ. ಬೆಟ್ಟ ಬಿಟ್ಟು ನಾನೇನ್ ಮಾಡ್ಲಿ ಸಿನ್ನವೆ? ಕಿಟಕೀಲಿ ಕೂತ್ರೂ ಬೆಟ್ಟ ಕಾಣಲ್ಲ ನನಗೆ."

ಕಿತ್ತಳೆ ಸುಲಿದು ಅರ್ಧ ಅವಳ ಕೈಗಿಟ್ಟೆ. ಅವಳ ಪಕ್ಕದಲ್ಲಿ ಕೂತು ತೋಳಿಗೆ ತೋಳು ಒತ್ತಿಕೊಂಡೆ. ಆಮೇಲೆ ಇಬ್ಬರ ಸ್ಕೀಯಿಂದಲೂ ಕೆಂಪು ಮೇಣ ಕೆರೆದು ತೆಗೆದು ನೀಲಿ ಹಚ್ಚಿ, ಮೇಣ ಸವರುವ ಬೆಂಡಿನ ತುಂಡಿನಿಂದ ಉಜ್ಜಿದೆ. ಅವಳು ಬೆರಳಾಡಿಸಿ ನೋಡಿ, "ದಪ್ಪ ಆಯ್ತು" ಎಂದಳು.

ಅಷ್ಟರಲ್ಲಿ ಮೋಡ ಇಳಿಯಿತು. ಮೇಲೆ ಹೋಗುವ ಮಾತೇ ಇರಲಿಲ್ಲ. ಆದರೆ ಇಳಿಯುವ ದಾರಿಯ ಒಂದು ಬದಿಗೆ ಹಳ್ಳದ ಕೊರಕಲು ಇದೆ. ಬಂದ ಗುರುತಿನ ಮೇಲೆ ಗಾಳಿ ಹೊಸ ಹಿಮ ತೂರಿತ್ತು. ನನಗೇ ನೆಲ ಯಾವುದು ಆಕಾಶ ಯಾವುದು ತಿಳಿಯುತ್ತಿರಲಿಲ್ಲ. ಇವಳನ್ನು ಕೊರಕಲಿಗೆ ಬೀಳಿಸಿಬಿಡುತ್ತೇನೆಂಬ ಹೆದರಿಕೆಗೆ ಕೋಲಿನಿಂದ ಮುಂದಿನ ಹಿಮ ತಿವಿದು ನೋಡಿದೆ.

"ನೀನು ಮಾತಾಡ್ತಾ ಹೋಗು, ನಾನು ದನಿ ಹಿಡ್ಕೊಂಡು ಬರ್ತೀನಿ" ಎಂದಳು.

ಇಡೀ ದಿನ ಗಲ್ಲಾದಲ್ಲಿ ವಟಗುಟ್ಟುವ ನನಗೆ ಆ ಹೊತ್ತಿನಲ್ಲಿ ಒಂದು ಮಾತೂ ಹೊಳೆಯಬಾರದೇ? ಕೊನೆಗೆ ನಮ್ಮ ಕಣಿವೆಯ ಮನೆಗಳ ಹೆಸರನ್ನು ಮೇಲಿನಿಂದ ಕೆಳಕ್ಕೆ ಕೂಗತೊಡಗಿದೆ, ಒಂದೊಂದು ತಿರುವಿಗೆ ಒಂದೊಂದು. ಹೌಗ್‌ಸ್ಟಾಡ್! ಲಿಯೆನ್! ನೂರ್‌ಬಿಗ್ಡ್! ಹಿಂದಿನಿಂದ ಅವಳ ಸ್ಕೀ ಹಿಮ ಸೀಳುವ ಸದ್ದು ಕೇಳುತ್ತಿತ್ತು. ಒಮ್ಮೆ ಆ ಸದ್ದು ನಿಂತೇಹೋಯಿತು.

"ಬೋರ್ಗಿಲ್ಡ್!"

"ಬ್ರೆಕ್ಕೆ ಮನೆ ಬಿಟ್ಟೆ ನೀನು!" ಎಂದು ಮಂಜಿನೊಳಗಿಂದ ಗದರಿದಳು. "ಲಿಯೆನ್ ಆದ್ಮೇಲೆ ಬ್ರೆಕ್ಕೆ. ಹುಟ್ಟಿದೂರಿನ ಮನೆ ಗೊತ್ತಿಲ್ವಾ ನಿನಗೆ?"

ಮರಗಳ ನಡುವೆ ಬಂದು ಸೇರಿದಾಗ ನನ್ನ ಗಂಟಲು ಬಿದ್ದುಹೋಗಿತ್ತು. ಅವಳು ಒಮ್ಮೆಯೂ ಬಿದ್ದಿರಲಿಲ್ಲ. ನಾನೇ ಎರಡು ಸಲ ಉರುಳಿದ್ದೆ. ಅವಳನ್ನು ತಬ್ಬಿಕೊಂಡು ಅತ್ತೆ. "ಅಯ್ಯೋ, ಮೂಗು ಒರೆಸ್ಕೊಳೇ, ಕಾಣದಿದ್ರೂ ಗೊತ್ತಾಗತ್ತೆ" ಎಂದಳು.

ಮುಂದಿನ ವಾರ ಕೊಂಬೆ ನೆಡಲು ಎಲ್ಲರೂ ಅಂಗಡಿಯ ಮುಂದೆ ಸೇರಿದ್ದೆವು. ಬೋರ್ಗಿಲ್ಡ್ ಬಂದವಳೇ ಕಣ್ಣಿನ ಸಂಗತಿಯನ್ನು ನೇರ ಹೇಳಿದಳು, ಮಾರುಕಟ್ಟೆಯಲ್ಲಿ ಉಣ್ಣೆಯ ದರ ಇಳಿದ ಸುದ್ದಿ ಹೇಳುವಂತೆ. ಯಾರಾದರೂ ಮರುಕದ ಮಾತು ತೆಗೆಯುವ ಮೊದಲೇ ಅವಳು ಜೇಬಿನಿಂದ ಒಂದು ಗಂಟೆ ತೆಗೆದಳು. ಬೇಸಿಗೆಯಲ್ಲಿ ಕುರಿ ಮೇಯಲು ಬೆಟ್ಟಕ್ಕೆ ಬಿಡುವಾಗ ಮುಂದೆ ಹೋಗುವ ಕುರಿಯ ಕೊರಳಿಗೆ ಕಟ್ಟುವ ಗಂಟೆ ಅದು. ತಡವಿ ತಡವಿ ನನ್ನ ಬೆನ್ನುಚೀಲ ಹುಡುಕಿ ಬಿಗಿಯಾಗಿ ಕಟ್ಟಿದಳು.

"ಇವಳ ದನಿ ಕಾಗೆಗಿಂತ ಕಡೆ. ಹಿಂದೆ ಬರೋಕೆ ಇದೇ ವಾಸಿ" ಎಂದಳು. ಎಲ್ಲರೂ ನಕ್ಕರು. ಅವಳನ್ನು ಮನೆಗೆ ಹೋಗೆನ್ನಲು ಆಮೇಲೆ ಯಾರಿಗೂ ಧೈರ್ಯ ಬರಲಿಲ್ಲ.

ಕೊಂಬೆಗಳ ಕಟ್ಟು ಹೊತ್ತು ಏರಿದೆವು, ಗಂಟೆ ಕಟ್ಟಿಕೊಂಡ ನಾನು ಮುಂದೆ, ಅವಳು ಹಿಂದೆ. ಬಯಲಿನಲ್ಲಿ ಉಸಿರು ಸಾಲದೆ ನಿಂತೆ. ಗಂಟೆಯೂ ನಿಂತಿತು.

"ಸಿನ್ನವೆ?" ಆ ದನಿಯಲ್ಲಿ ನಾನು ಎಂದೂ ಕೇಳದ ಅಳುಕಿತ್ತು. "ಇದ್ದೀಯಾ?"

"ಇದ್ದೀನಿ ಕಣೇ, ಇಲ್ಲೇ ಇದ್ದೀನಿ" ಎಂದೆ. ದಣಿವಾರದಿದ್ದರೂ ಅವಳಿಗೆ ಗಂಟೆ ಕೇಳಲೆಂದು ಹೆಜ್ಜೆ ಎತ್ತಿಟ್ಟೆ.