ಊರಿಕ್ಕೋ

ಕಾಟ್ಟಿಕುಳಂ ಜಂಕ್ಷನ್ನಿನಲ್ಲಿ ಅಂಗಡಿಯೊಂದರ ಮಹಡಿ ಮೇಲೆ ಕಂಪ್ಯೂಟರ್ ಕಲಿಸುವ ಕೋಣೆಯಿತ್ತು. ಅದನ್ನು ಗುಡಿಸಿ ಒರೆಸುವ ಕೆಲಸ ನನ್ನದು. ಅದಕ್ಕೆ ಬದಲಾಗಿ ನನ್ನ ತಂಗಿಗೆ ಅಲ್ಲಿ ಫೀಸಿಲ್ಲದೆ ಕಲಿಸುತ್ತಿದ್ದರು. ನಾನು ಓದಿದ್ದು ನಾಲ್ಕನೇ ಕ್ಲಾಸು. ವಯನಾಡು ಹೊಸದಾಗಿ ಜಿಲ್ಲೆಯಾದಾಗ ಶಾಲೆ ಬಿಟ್ಟು, ಇದೇ ತಂಗಿಯನ್ನು ಸೊಂಟದ ಮೇಲೆ ಹೊತ್ತು ತಿರುಗುತ್ತಿದ್ದೆ.

ಬಾಗಿಲಲ್ಲಿ ನಿಂತು ಬಂದವರಿಗೆಲ್ಲ “ಚೆರಿಪ್ಪ್ ಊರಿಕ್ಕೋ” ಎನ್ನುವುದೂ ನನ್ನ ಕೆಲಸವೇ. ಚಪ್ಪಲಿ ಕಳಚಿ ಎಂದು. ನಮ್ಮ ಕನ್ನಡದಲ್ಲಿ ಊರು ಎಂದರೆ, ಕೋಲು ಊರು ಎನ್ನುವ ಹಾಗೆ, ಒತ್ತಿ ನಿಲ್ಲಿಸುವುದು; ಮಲಯಾಳದಲ್ಲಿ ಅದೇ ಮಾತಿಗೆ ಕಳಚುವುದು, ಕೀಳುವುದು ಎಂದರ್ಥ. ಗಡಿಯಲ್ಲಿ ಬೆಳೆದ ನಮಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಶನಿವಾರ ಮೌಸುಗಳನ್ನು ಶುಚಿ ಮಾಡುತ್ತಿದ್ದೆ. ಮಗುಚಿ ಹಿಡಿದು ತಳದ ಬಳೆಯನ್ನು ತಿರುಗಿಸಿ ಮತ್ತೆ ನೆಟ್ಟಗೆ ಮಾಡಿದರೆ ರಬ್ಬರಿನ ಗುಂಡು ಅಂಗೈಗೆ ಬೀಳುತ್ತಿತ್ತು. ಒಳಗಿನ ಸಣ್ಣ ಉರುಳೆಗಳಿಗೆ ಸುತ್ತಿಕೊಂಡ ಕಪ್ಪು ಕೊಳೆಯನ್ನು ಉಗುರಿನಿಂದ ಕೆರೆಯುತ್ತಿದ್ದೆ. ಆ ಕೆಲಸ ನನಗೆ ಇಷ್ಟವಿತ್ತು.

ತಂಗಿಯ ಪರೀಕ್ಷೆಯ ದಿನ ಬಂತು. ಪಾಸಾದರೆ ಕಲ್ಪೆಟ್ಟದ ಆಫೀಸೊಂದರಲ್ಲಿ ಕೆಲಸ, ಅಲ್ಲೇ ಹಾಸ್ಟೆಲು. ಬೆಳಿಗ್ಗೆ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತವಳು ನಗುತ್ತಾ ಹೇಳಿದಳು: “ಅಕ್ಕಾ, ಈ ಬಸ್ಸಲ್ಲಿ ನೇತಾಡೋದು ಇನ್ನು ನೀನೊಬ್ಳೇ.”

ತಮಾಷೆಗೇ ಅಂದದ್ದು. ಆದರೆ ಕೋಣೆ ಗುಡಿಸುವಷ್ಟು ಹೊತ್ತೂ ಆ ನೀನೊಬ್ಳೇ ಎಂಬುದು ಕಿವಿಯಲ್ಲಿತ್ತು.

ಪರೀಕ್ಷೆ ನಡುವೆ ಅವಳ ಮೌಸು ಹಟ ಹಿಡಿಯಿತು. ಪರದೆಯ ಬಾಣ ಮೇಲೆ ಕೆಳಗೆ ಹೋಗುತ್ತದೆ, ಅಡ್ಡ ಹೋಗದು. ಗುಂಡು ತೆಗೆದು ಕೆರೆದೆ. ಒಂದು ಉರುಳೆ ತಿರುಗಲೇ ಇಲ್ಲ. ಕಲಿಸುವ ಮಾಷ್ ಬೇರೆ ಮೌಸು ತರಲು ಬೀರುವಿನತ್ತ ಹೋಗುತ್ತಾ ನನಗೆ ಕೂಗಿ ಹೇಳಿದರು: “ಚೇಚೀ, ಅದ್ ಊರಿಕ್ಕೋ!”

ಮೇಜಿನ ಹಿಂದೆ ಬಗ್ಗಿದೆ. ದುಂಡನೆಯ ಪ್ಲಗ್ಗು, ಅದರೊಳಗೆ ಸೂಜಿಯಂಥ ಕಡ್ಡಿಗಳು. ನೇರ ಎಳೆದರೆ ಬಂದುಬಿಡುತ್ತಿತ್ತು. ನಾನು ಅರ್ಧ ಎಳೆದು, ತಿರುಚಿ, ಒಳಕ್ಕೆ ಒತ್ತಿದೆ. ಏನೋ ಪುಟ್ಟದು ಮುರಿದದ್ದು ಬೆರಳಿಗೆ ತಿಳಿಯಿತು. ತಿಳಿದ ಮೇಲೂ ಒತ್ತಿದೆ.

ಮುರಿದ ಕಡ್ಡಿ ತೂತಿನಲ್ಲೇ ಉಳಿಯಿತು. ಹೊಸ ಮೌಸಿನ ಪ್ಲಗ್ಗು ಅದರೊಳಗೆ ಹೋಗಲಿಲ್ಲ. ಉಳಿದ ಕಂಪ್ಯೂಟರುಗಳ ಮುಂದೆಲ್ಲ ಜನ ಕೂತಿದ್ದರು. ಪರೀಕ್ಷೆ ಮಾಡಲು ಹೊರಗಿನಿಂದ ಬಂದಿದ್ದ ಸಾರ್ ಮಧ್ಯಾಹ್ನದ ಬಸ್ಸು ಹಿಡಿಯಬೇಕಿತ್ತು. ತಂಗಿಯ ಪರೀಕ್ಷೆ ಅರ್ಧಕ್ಕೇ ನಿಂತಿತು. ಕೀಳು ಅಂದರೆ ತುರುಕುವುದಾ ಎಂದು ಮಾಷ್ ನನ್ನ ಮೇಲೆ ಹರಿಹಾಯ್ದರು.

ಆಗ ಅಡ್ಡ ಬಂದವಳು ತಂಗಿ. ನಮ್ಮ ಕನ್ನಡದಲ್ಲಿ ಊರು ಅಂದರೆ ಒತ್ತು ಅಂತ, ಅಕ್ಕ ಹಾಗೇ ತಿಳಿದುಕೊಂಡಳು, ಅವಳನ್ನು ಬೈಯಬೇಡಿ ಎಂದು ಮಲಯಾಳದಲ್ಲಿ ಬಿಡಿಸಿ ಹೇಳಿದಳು. ಹೊರಗಿನ ಸಾರ್ ನಕ್ಕುಬಿಟ್ಟರು. ಮಾಷ್ ಕೂಡ ನಕ್ಕರು. ದಿನಾ ಬಾಗಿಲಲ್ಲಿ ಅದೇ ಮಾತು ಹೇಳುವವಳು ನಾನೇ ಎಂದು ಅವರಾರಿಗೂ ಹೊಳೆಯಲಿಲ್ಲ. ನಾನು ತಲೆಯಾಡಿಸಿದೆ.

ಮುಂದಿನ ಪರೀಕ್ಷೆ ಬರುವಷ್ಟರಲ್ಲಿ ಆ ಆಫೀಸಿಗೆ ಬೇರೆ ಹುಡುಗಿ ಸೇರಿಯಾಗಿತ್ತು. ತಂಗಿ ಪುಲ್ಪಳ್ಳಿಯ ಬಟ್ಟೆ ಅಂಗಡಿಗೆ ಹೋದಳು. ಇವತ್ತಿಗೂ ಅಲ್ಲೇ ದಿನವಿಡೀ ನಿಂತು ಸೀರೆ ಬಿಚ್ಚುತ್ತಾಳೆ, ಮಡಚುತ್ತಾಳೆ. ಅವಳ ಕಾಲಿನ ನರಗಳು ಗಂಟುಕಟ್ಟಿವೆ. ಮನೆಗೆ ನೆಂಟರು ಬಂದಾಗಲೆಲ್ಲ ಆ ಕಥೆ ಹೇಳಿ ನಗಿಸುತ್ತಾಳೆ, ನಾನು ಪೆದ್ದಿಯ ಮುಖ ಮಾಡಿ ಕೂರುತ್ತೇನೆ. ಒಮ್ಮೆ ಹೂಂ ಅಂದದ್ದನ್ನು ಎಷ್ಟು ಸಲ ಅನ್ನಬೇಕಾಯಿತೋ!

ಹೋದ ವರ್ಷ ನನ್ನ ಮನೆಗೆ ಬಂದಾಗ ಕಥೆಯ ನಡುವೆ ಅವಳ ಮಗಳು ಕೇಳಿದಳು: “ದೊಡ್ಡಮ್ಮಾ, ನಾನು ಬಂದಾಗೆಲ್ಲ ಚೆರಿಪ್ಪ್ ಊರಿಕ್ಕೋ ಅಂತೀಯಲ್ಲ. ಅವತ್ತು ಮಾತ್ರ ಮರ್ತೋಯ್ತಾ?”

ಎಲ್ಲರೂ ನಕ್ಕರು. ತಂಗಿ ನಗಲಿಲ್ಲ. ಲೋಟಗಳನ್ನು ಎತ್ತಿಕೊಂಡು ಅಡುಗೆಮನೆಗೆ ಹೋದಳು. ನಾನೂ ಹಿಂದೆಯೇ ಹೋದೆ.

“ಅವತ್ತು ನಂಗೆ ಗೊತ್ತಿದ್ದೂ...”

“ಸುಮ್ನಿರಕ್ಕಾ,” ಎಂದಳು, ನಲ್ಲಿಯ ಕಡೆಗೇ ಮುಖ ಮಾಡಿ. “ನೀನು ತಿಳೀದೆ ಮಾಡ್ದೆ ಅಂತಾನೇ ಇಷ್ಟು ವರ್ಷ ಈ ಮನೇಲಿ ಉಂಡಿದೀನಿ. ಅದನ್ನೂ ಕಿತ್ಕೋಬೇಡ.”

ಲೋಟ ತೊಳೆದಿಟ್ಟು, ಸೆರಗಿನಲ್ಲಿ ಕೈ ಒರೆಸಿಕೊಂಡು ಹೊರಗೆ ಹೋದಳು. ಕನ್ನಡದಲ್ಲಿ ಊರು ಅಂದ್ರೆ ಏನು ಗೊತ್ತೇನೇ ಎಂದು ಮಗಳಿಗೆ ಮೊದಲಿನಿಂದ ಶುರುಮಾಡಿದಳು. ಕಥೆ ನನ್ನ ಜಾಗಕ್ಕೆ ಬಂದಾಗ ಎಲ್ಲರೂ ನನ್ನತ್ತ ತಿರುಗಿದರು. ನಾನು ತಲೆಯಾಡಿಸಿದೆ.