ಹಿಂಡದೆ ಬರೆಯುವುದು

ಕಳೆದ ತಿಂಗಳು ತೀರಿಕೊಂಡ ನನ್ನ ಗೆಳತಿ ಬೇಕರಿಯಲ್ಲಿ ಕೇಕಿನ ಮೇಲೆ ಹೆಸರು ಬರೆಯುತ್ತಿದ್ದಳು. ಎಲ್ಲರಿಗೂ ಅವಳು ಕ್ರೀಮಕ್ಕ. ಅದೇ ಬೇಕರಿಯ ಕೌಂಟರಿನಲ್ಲಿ ನಾನು ಬಿಲ್ ಹಾಕುತ್ತಿದ್ದೆ, ಗಿರಾಕಿಗಳಿಲ್ಲದಾಗ ಪುಸ್ತಕ ಓದುತ್ತಿದ್ದೆ. 'ಓದಿ ಓದಿ ಕಣ್ಣು ಕೆಡ್ತು, ಬುದ್ಧಿ ಬಂದಿದ್ದು ಮಾತ್ರ ಕಾಣೆ' ಎನ್ನುವುದು ಅವಳ ನಿತ್ಯದ ಮಾತು.

ಬಟರ್ ಪೇಪರನ್ನು ಕೋನಿನಂತೆ ಸುತ್ತಿ, ಕ್ರೀಮ್ ತುಂಬಿ, ತುದಿ ಕತ್ತರಿಸಿ ಅವಳು ಬಗ್ಗಿದರೆ ಒಳಗೆ ಯಾರೂ ಮಾತಾಡುತ್ತಿರಲಿಲ್ಲ. ಅಕ್ಷರಕ್ಕೆ ಅಕ್ಷರ ಕೂಡಿಸುತ್ತ, ಹೆಸರು ಮುಗಿಯುವ ತನಕ ಕೈ ನಿಲ್ಲಿಸದೆ ಬರೆಯಬೇಕು. ನಡುವೆ ನಿಂತರೆ ಅಲ್ಲೊಂದು ಉಂಡೆ ಕೂರುತ್ತದೆ.

ಅವಳಿಗೆ ಮದುವೆಯಾಗಿರಲಿಲ್ಲ. ತಂಗಿ ಸತ್ತ ಮೇಲೆ ತಂಗಿಯ ಮಗಳನ್ನು ತಾನೇ ಸಾಕುತ್ತಿದ್ದಳು. ತಂಗಿಯ ಗಂಡ ಲಾರಿ ಡ್ರೈವರ್. ಊರಿಗೆ ಬಂದಾಗಲೆಲ್ಲ ಮಗಳ ಪುಸ್ತಕ ತಿರುವಿ ನೋಡುತ್ತಿದ್ದ. ಆ ವರ್ಷ ತರಗತಿಯ ಮಕ್ಕಳೆಲ್ಲ ಇಂಗ್ಲಿಷ್ ಅಕ್ಷರಗಳನ್ನು ಕೂಡಿಸಿ ಬರೆಯುವ ಕರ್ಸಿವ್‌ಗೆ ದಾಟಿದ್ದರು, ಹುಡುಗಿ ಮಾತ್ರ ಬಿಡಿ ಅಕ್ಷರಗಳಲ್ಲೇ ಇದ್ದಳು.

'ಅಕ್ಕ, ನೀವು ಬೆಳಗಾಗೋ ಮುಂಚೆ ಕೆಲಸಕ್ಕೆ ಹೋಗ್ತೀರ. ಇವಳನ್ನ ಕೂರಿಸಿ ಓದಿಸೋರು ಯಾರು? ಪರೀಕ್ಷೆ ಹೊತ್ತಿಗೆ ಸರಿಹೋಗದಿದ್ರೆ ಹಾಸ್ಟೆಲ್‌ಗೆ ಸೇರಿಸ್ತೀನಿ,' ಎಂದ. ಕೆಟ್ಟವನಲ್ಲ. ಹೇಳಿದ್ದನ್ನು ಮಾಡುವವನು.

'ದೀಪದ ಬುಡದಲ್ಲಿ ಕತ್ತಲು ಅಂದ್ರೆ ಇದೇ ನೋಡು,' ಎಂದು ಗೆಳತಿ ನನ್ನ ಹತ್ತಿರ ನಕ್ಕಳು. ಆ ಮಧ್ಯಾಹ್ನ ಅವಳ ಊಟ ಡಬ್ಬಿಯಲ್ಲೇ ಉಳಿಯಿತು.

ಶಾಲೆ ಬಿಟ್ಟ ಮೇಲೆ ಹುಡುಗಿ ಬೇಕರಿಗೆ ಬರತೊಡಗಿದಳು. ಬೋರಲು ಹಾಕಿದ ತಟ್ಟೆಯ ಮೇಲೆ, ಉಳಿದ ಕ್ರೀಮಿನಲ್ಲಿ ಪಾಠ. ಬರೆಯುವುದು, ಒರೆಸುವುದು, ಮತ್ತೆ ಬರೆಯುವುದು. 'ಅಂಗೈಯಿಂದ ಹಿಂಡು, ಚಿನ್ನ. ಹಿಂಡ್ತಾ ಹೋಗು, ನಿಲ್ಲಿಸ್ಬೇಡ.' ಕೆಲವೇ ವಾರಗಳಲ್ಲಿ ಅಕ್ಷರಗಳು ಕೈ ಕೈ ಹಿಡಿದು ತಟ್ಟೆಯ ಅಂಚಿನ ತನಕ ಹೋದವು. ಗೆದ್ದೆವು ಎಂದುಕೊಂಡೆವು.

ಶಾಲೆಯಲ್ಲಿ ಹುಡುಗಿ ಪೆನ್ಸಿಲನ್ನೂ ಹಿಂಡಿದಳು. ಮುಷ್ಟಿಯಲ್ಲಿ ಹಿಡಿದು, ಹೆಬ್ಬೆರಳಿನಿಂದ ಅದುಮಿ, ಸಾಲು ಮುಗಿಯುವ ಮುಂಚೆ ಮೊನೆ ಮುರಿದಳು. ಹಾಳೆ ಹರಿಯಿತು. ಟೀಚರ್ ಹೇಳಿಕಳಿಸಿದರು.

ಗೆಳತಿ ನನ್ನನ್ನೂ ಜೊತೆಗೆ ಕರೆದೊಯ್ದಳು. 'ನೀವೇ ಬರೆದು ತೋರಿಸಿ ನೋಡೋಣ,' ಎಂದರು ಟೀಚರ್. ಮಕ್ಕಳ ಬೆಂಚಿನಲ್ಲಿ ಮೊಣಕಾಲು ಮಡಚಿ ಕೂತು ಇವಳು ಪೆನ್ಸಿಲ್ ಹಿಡಿದಳು. ಮೊದಲ ಅಕ್ಷರಕ್ಕೇ ಟಕ್ಕೆಂದು ಮೊನೆ ಹೋಯಿತು.

'ಅಮ್ಮ, ಪೆನ್ಸಿಲ್ ಒಳಗೆ ಕ್ರೀಮ್ ಇಲ್ಲ. ಹಿಂಡಬೇಡಿ,' ಎಂದರು ಟೀಚರ್.

ಹುಡುಗಿ ಬಾಯಿಗೆ ಕೈ ಅಡ್ಡ ಇಟ್ಟು ನಕ್ಕಳು. 'ದೊಡ್ಡಮ್ಮಂಗೂ ಬರಲ್ಲ.'

'ಬರಲ್ಲ ಕಣೇ. ಇಬ್ಬರೂ ಕಲಿಯೋಣ. ಟೀಚರ್, ನಂಗೂ ಒಂದು ಸೀಟು ಕೊಡ್ತೀರಾ?'

ಕೊಟ್ಟರು. ದಿನಾ ಶಾಲೆ ಬಿಟ್ಟ ಮೇಲೆ, ಕಸ ಗುಡಿಸುವ ಆಯಾ ಬಂದು ಎಬ್ಬಿಸುವ ತನಕ ಇಬ್ಬರೂ ಅಕ್ಕಪಕ್ಕ ಕೂತು ಬರೆಯುತ್ತಿದ್ದರು. ಪೆನ್ಸಿಲನ್ನು ಬೆರಳ ಮೇಲೆ ಸುಮ್ಮನೆ ಒರಗಿಸಬೇಕು ಎಂದು ಟೀಚರ್ ಹೇಳಿಕೊಟ್ಟರೂ ಗೆಳತಿಯ ಕೈ ಕೇಳಲಿಲ್ಲ. ವರ್ಷಗಳಿಂದ ಹಿಂಡಿದ ಕೈ. 'ದೊಡ್ಡಮ್ಮ, ಮತ್ತೆ ಹಿಂಡ್ತಾ ಇದೀಯ' ಎಂದು ಹುಡುಗಿ ತಿದ್ದುತ್ತಿದ್ದಳು. ಹಾಗೆ ತಿದ್ದುತ್ತ ತಿದ್ದುತ್ತ ಹುಡುಗಿಯದೇ ಕೈ ಹಗುರಾಯಿತು.

ಪರೀಕ್ಷೆಗೆ ಮುಂಚೆ ಅಪ್ಪ ಬಂದ. ಅಡುಗೆಮನೆಯ ಮೇಜಿನ ಮೇಲೆ ಒಂದು ಪುಟ ಬರೆಸಿದ. ಗೆಳತಿ ಅತ್ತ ತಿರುಗಿ, ಒರೆಸಿದ ಒಲೆಯನ್ನೇ ಮತ್ತೆ ಮತ್ತೆ ಒರೆಸುತ್ತಿದ್ದಳು. ಅವನು ಹಾಳೆ ಮಗುಚಿ ಹಿಂಬದಿಯನ್ನು ಬೆರಳಿನಿಂದ ಸವರಿದ. ತೂತಿರಲಿಲ್ಲ. ಸಾಲು ಕೊಂಚ ಮೇಲಕ್ಕೆ ಹತ್ತಿತ್ತು, ಅಷ್ಟೇ.

'ಇರಲಿ ಬಿಡಿ ಅಕ್ಕ. ಇಲ್ಲೇ ಇರಲಿ.'

ಇದ್ದಳು. ಓದು ಮುಗಿಸಿ ಕೆಲಸಕ್ಕೆ ಸೇರಿದ ಮೇಲೂ ಇದ್ದಳು. ಕೊನೆಯ ದಿನಗಳಲ್ಲಿ ಗೆಳತಿಗೆ ತುತ್ತು ತಿನ್ನಿಸಿದವಳು, ಬೆನ್ನು ಒರೆಸಿದವಳು ಅವಳೇ. ನಾನು ಪಕ್ಕದಲ್ಲಿ ಕೂತು ಏನಾದರೂ ಓದಿ ಹೇಳುತ್ತಿದ್ದೆ. ಅದಕ್ಕಿಂತ ಹೆಚ್ಚಿನದು ನನ್ನಿಂದ ಆಗಲಿಲ್ಲ.

ಎಲ್ಲ ಮುಗಿದ ಮೇಲೆ ಅಪ್ಪ, 'ನಡಿ ಮಗಳೇ, ಮನೆಗೆ ಹೋಗೋಣ,' ಎಂದ.

'ಮನೇಲೇ ಇದ್ದೀನಲ್ಲಪ್ಪ,' ಎಂದು ಅವಳು ನಮ್ಮಿಬ್ಬರಿಗೂ ಚಹಾ ಕಾಸಲು ಎದ್ದಳು.