ಬರಿಗೊರಳಲ್ಲಿ ಬಂದ ನಾಯಿ

ನಾಯಿಗೊಂದು ಬೆಲ್ಟು ಆರಿಸುವುದು ಇಷ್ಟು ತಲೆನೋವಿನ ಕೆಲಸ ಅಂತ ಯಾರಾದರೂ ಮೊದಲೇ ಹೇಳಿದ್ದರೆ ನಕ್ಕುಬಿಡುತ್ತಿದ್ದೆ. ಸೀರೆ ಅಂಗಡಿಯವರ ತಾಳ್ಮೆ ಕೆಡಿಸುವವಳು ನಾನು, ಒಪ್ಪುತ್ತೇನೆ. ಆದರೆ ನಾಯಿ ಬೆಲ್ಟಿನಲ್ಲಿ ಆರಿಸುವುದೇನಿದೆ, ಕೊರಳಿಗೆ ಹಿಡಿಸಿದರೆ ಮುಗಿಯಿತು ಅಂದುಕೊಂಡಿದ್ದೆ.

ನಾಯಿ ನಮ್ಮದಲ್ಲ. ಹಗರಿಬೊಮ್ಮನಹಳ್ಳಿಯಲ್ಲಿ ನಮ್ಮ ಎದುರುಮನೆಯಲ್ಲಿ ಬಾಡಿಗೆಗಿದ್ದ ಆಸ್ಪತ್ರೆಯ ಸಿಸ್ಟರ್ ಒಬ್ಬಳು ಮರಿಯಿಂದ ಸಾಕಿದ್ದು. ಆಕೆ ಒಬ್ಬಳೇ ಇದ್ದಳು. ಡ್ಯೂಟಿ ಮುಗಿಸಿ ಬಂದವಳೇ ಅವನಿಗೆ ಕೆಂಪು ಬೆಲ್ಟು ಹಾಕಿ ರೈಲ್ವೆ ಸ್ಟೇಷನ್ ಕಡೆ ಹೊರಡುತ್ತಿದ್ದಳು. ಅವನು ಕುಣಿದುಕೊಂಡು ಹೋಗುತ್ತಿದ್ದ. ನಾನು ಕಟ್ಟೆಯ ಮೇಲೆ ಕುಳಿತು ಅಕ್ಕಿ ಆರಿಸುತ್ತಾ ನೋಡುತ್ತಿದ್ದೆ. ನಮ್ಮದು ತುಂಬಿದ ಮನೆ, ಅಂಗಡಿ ಬೇರೆ ಇದೆ, ಯಾವುದಕ್ಕೂ ಕಡಿಮೆಯಿಲ್ಲ. ಆದರೆ ನಾನು ಬಂದೆ ಅಂತ ಹಾಗೆ ಎದ್ದು ಕುಣಿಯುವವರು ಯಾರೂ ಇಲ್ಲ. ನಿಜ ಹೇಳಬೇಕೆಂದರೆ, ಹೊಟ್ಟೆ ಉರಿಯುತ್ತಿತ್ತು.

ಆಕೆಗೆ ಹರಪನಹಳ್ಳಿ ಕಡೆಗೆ ವರ್ಗವಾಯಿತು. ಒಂದು ಮುಂಜಾನೆ ಬಂದು, "ಅಕ್ಕಾ, ಅಲ್ಲಿ ಮನಿ ಸಿಗೋಮಟ ಇವನ್ನ ನಿಮ್ಮಲ್ಲಿ ಬಿಡಲೇನ್ರಿ?" ಅಂದಳು.

"ನಾಯಿ ಐತಿ ಅಂದ್ರ ಯಾರು ಮನಿ ಕೊಡ್ತಾರ್ರಿ ಸಿಸ್ಟರ್?" ಅಂದೆ. "ನಾಕು ದಿನ ಇಲ್ಲಿ, ನಾಕು ದಿನ ಅಲ್ಲಿ ಅಂತ ಮಾಡಿದ್ರ ಆ ಮೂಕ ಪ್ರಾಣಿ ಏನಂತ ತಿಳ್ಕೋಬೇಕು? ನಮಗ ಕೊಟ್ಟ ಬಿಡ್ರಿ."

ಆಕೆ ಅವನ ತಲೆ ಸವರುತ್ತಾ ನಿಂತಳು. ಆಮೇಲೆ, ನೀವು ಹೇಳೋದೂ ಖರೆ ಅಂತ ಒಪ್ಪಿಕೊಂಡಳು.

ಹೊರಡುವ ದಿನ ಬೆಲ್ಟು, ಹಗ್ಗ ಎಲ್ಲ ಹಾಕಿಯೇ ಅವನನ್ನು ಕರೆತಂದಳು. ನಮ್ಮ ಅತ್ತೆ ಬಾಗಿಲಲ್ಲೇ ತಡೆದರು. ನಮ್ಮ ಕಡೆ ಎತ್ತು, ಎಮ್ಮೆ ಕೊಟ್ಟರೆ ಹಗ್ಗ ಕೊಡುವುದಿಲ್ಲ. ಅದು ಕೊಟ್ಟವರ ಮನೆಯಲ್ಲೇ ಉಳಿಯಬೇಕು. ತಗೊಂಡವರು ತಮ್ಮ ಹಗ್ಗ ಹಾಕಿ ಹೊಡೆದುಕೊಂಡು ಹೋಗಬೇಕು. "ಅದನ್ನ ಬಿಚ್ಕೊಂಡು ನೀ ಇಟ್ಕೋಬೇ ಯವ್ವಾ. ಕೊಟ್ಟೋರ ಮನ್ಯಾಗ ಇರಬೇಕು ಅದು" ಅಂದರು ಅತ್ತೆ.

ಎತ್ತಿನ ಶಾಸ್ತ್ರ ನಾಯಿಗ್ಯಾಕೆ ಅಂತ ನಾನು ಬಾಯಿ ಹಾಕಬೇಕಿತ್ತು. ಬೇರೆ ದಿನವಾಗಿದ್ದರೆ ಹಾಕುತ್ತಿದ್ದೆ. ಅತ್ತೆಯ ಶಾಸ್ತ್ರಗಳನ್ನು ನಾನು ಸುಮ್ಮನೆ ಕೇಳಿಸಿಕೊಂಡವಳೇ ಅಲ್ಲ. ಅಂದು ಮಾತ್ರ ಬಾಯಿ ಮುಚ್ಚಿಕೊಂಡು ನಿಂತೆ. ಹಗ್ಗದ ಸಮೇತ ಇಟ್ಟರೆ ನಾಲ್ಕು ದಿನಕ್ಕೆ ಬಿಟ್ಟುಹೋದಂತೆ, ಬಿಚ್ಚಿಕೊಂಡು ಹೋದರೆ ಕೊಟ್ಟಂತೆ. ಅದು ನನಗೆ ಚೆನ್ನಾಗಿ ಗೊತ್ತಿತ್ತು. ಆಕೆ ಬಗ್ಗಿ ತನ್ನ ಕೈಯಾರೆ ಬೆಲ್ಟು ಬಿಚ್ಚಿದಳು, ಬ್ಯಾಗಿಗೆ ಹಾಕಿಕೊಂಡಳು, ಆಟೋ ಹತ್ತಿದಳು. ಬೆಲ್ಟಿದ್ದ ಜಾಗದಲ್ಲಿ ಅವನ ಕೂದಲು ಒತ್ತಿ ಚಪ್ಪಟೆಯಾಗಿತ್ತು.

ಅಂದಿನಿಂದ ಅವನು ಗೇಟಿನ ಬಳಿ ಮಲಗಿದವನು ಊಟಕ್ಕಷ್ಟೇ ಏಳುತ್ತಿದ್ದ. ನನ್ನ ಜೊತೆ ಒಂದು ಸಲ ಬೀದಿಗೆ ಬಂದರೆ ನನ್ನವನಾಗುತ್ತಾನೆ ಅಂತ ನನಗೆ ಹಟ. ಮೊದಲು ಬಜಾರಿನಿಂದ ಚೈನು ತಂದೆ. ಅದರ ಸದ್ದು ಕೇಳಿದ್ದೇ ನೆಲಕ್ಕೆ ಅಂಟಿಕೊಂಡ. ಭಾರ ಆಯಿತೇನೋ ಅಂತ ನೈಲಾನ್ ಬೆಲ್ಟು ತಂದೆ. ಬೆಲ್ಟಿಗೂ ಕೊರಳಿಗೂ ನಡುವೆ ಎರಡು ಬೆರಳು ಹೋಗಬೇಕಂತೆ, ಹೋಗುತ್ತಿದ್ದವು. ಆದರೂ ಏಳಲಿಲ್ಲ. ಕೊಟ್ಟೂರಿಗೆ ಮದುವೆಗೆ ಹೋದಾಗ ಎತ್ತಿನ ಸಾಮಾನಿನ ಅಂಗಡಿಯಲ್ಲಿ ಕರುವಿಗೆ ಕಟ್ಟುವ ಗೆಜ್ಜೆಪಟ್ಟಿ ಕಂಡಿತು, ಅದನ್ನೂ ಆರಿಸಿದೆ. ನಾಯಿಗೆ ಅಂತ ತಿಳಿದು ಅಂಗಡಿಯವರು, "ಅಕ್ಕಾರ, ಲಗ್ನ ಯಾವಾಗ್ರಿ ಅದರದು?" ಅಂತ ನಕ್ಕರು. ನಾನೂ ನಕ್ಕೆ. ಮನೆಯಲ್ಲಿ ಅದನ್ನು ಕಟ್ಟಿದ ಕೂಡಲೇ ಅವನು ಮಂಚದ ಕೆಳಗೆ ಹೋಗಿ ಸೇರಿಕೊಂಡ.

ಕೊನೆಗೆ ಮೊಬೈಲಿನಲ್ಲಿ ನೋಡಿ ಎದೆಗೆ ಕಟ್ಟುವ ಪಟ್ಟಿ ತರಿಸಿದೆ. ಬ್ಲೌಸ್ ಹೊಲಿಯುವ ಟೇಪಿನಲ್ಲಿ ಅವನ ಎದೆಯ ಸುತ್ತಳತೆ ತೆಗೆದೆ. ಸತ್ತವನಂತೆ ಬಿದ್ದುಕೊಂಡು ಅಳೆಸಿಕೊಂಡ. ಒಳಗೆ ಮೆತ್ತನೆಯ ಬಟ್ಟೆ, ಬೆನ್ನ ಮೇಲೆ ಹಿಡಿ, ಎಷ್ಟು ಎಳೆದರೂ ಹರಿಯದ ಹೊಲಿಗೆ. ನಮ್ಮ ಯಜಮಾನರು ನೋಡಿ, "ನಮ್ಮ ಸ್ಕೂಲ್ ಬ್ಯಾಗಿಗೂ ಇಷ್ಟು ಚಂದದ ಪಟ್ಟಿ ಇರಲಿಲ್ಲಲೇ" ಅಂದರು. ಅದನ್ನು ಹಾಕಿದರೂ ಕಲ್ಲಿನಂತೆ ಕೂತ. ನನಗೋ ಪ್ರತಿಸಲವೂ ಸಾಮಾನಿನ ಮೇಲೆ ಅನುಮಾನ. ತಪ್ಪು ಬೆಲ್ಟಿನದಲ್ಲ ಅಂತ ಒಳಗೆ ಗೊತ್ತಿದ್ದೂ ಇನ್ನೊಂದು ಹುಡುಕುತ್ತಿದ್ದೆ.

ಆಗಲೇ ಒಂದು ಮಧ್ಯಾಹ್ನ ಸಿಸ್ಟರ್ ಫೋನು ಬಂತು. ನಾನು ಬದನೆಕಾಯಿ ಹೆಚ್ಚುತ್ತಿದ್ದೆ, ಕೈ ಒದ್ದೆಯಿತ್ತು, ಸ್ಪೀಕರಿಗೆ ಹಾಕಿದೆ.

"ಅಕ್ಕಾ, ಆರಾಮೇನ್ರಿ? ಇಲ್ಲೊಂದು ಮನಿ ಸಿಕ್ಕೈತ್ರಿ. ನಾಯಿ ಇದ್ರೂ ನಡೀತೈತಿ ಅಂದಾರ" ಅಂದಳು. ತಾನೇ ಮುಂದುವರಿಸಿ, "ಅವನು ನಿಮಗ ಹೊಂದ್ಕೊಂಡಿದ್ರ ನಾ ಕೇಳಲ್ರಿ. ಹೊಂದಿಲ್ಲ ಅಂದ್ರ ಐತವಾರ ಬಂದು ಕರ್ಕೊಂಡು ಹೋಗ್ತೀನಿ" ಅಂದಳು.

ಗೇಟಿನ ಬಳಿಯಿಂದ ಉಗುರಿನ ಸದ್ದು ಕೇಳಿಸಿತು. ಓಡಿ ಬಂದವನು ಫೋನಿಗೆ ಮೂಗು ಹಚ್ಚಿ, ಅದರ ಹಿಂದೆ ಹುಡುಕಿ, ಕುಂಯ್ ಅನ್ನತೊಡಗಿದ. ನಾನು ಸ್ಪೀಕರ್ ಬಂದ್ ಮಾಡಿ ಫೋನು ಕಿವಿಗೆ ಒತ್ತಿ ಹಿಡಿದೆ.

"ಏನಂದ್ರಿ ಅಕ್ಕಾ? ಕೇಳಿಸಲಿಲ್ಲ."

"ನಿಮ್ಮನ್ನ ಮರ್ತೇ ಬಿಟ್ಟಾನ್ರಿ ಸಿಸ್ಟರ್" ಅಂದೆ. "ದಿನಾ ಸಂಜಿಕೆ ನನ್ನ ಜತಿ ಸ್ಟೇಷನ್ ಮಟ ಬರ್ತಾನ."

ಆಕೆ, "ಚಲೋ ಆತು ಬಿಡ್ರಿ. ನನಗ ಅದಾ ಚಿಂತಿ ಆಗಿತ್ತು" ಅಂದಳು. ಫೋನಿಟ್ಟಳು. ನನ್ನ ಬಾಯಿಗೆ ಬೆಂಕಿ ಬೀಳಲಿ ಅನ್ನಿಸಿತು. ತಿರುಗಿ ಫೋನು ಮಾಡಿ ಸುಳ್ಳು ಅಂತ ಹೇಳಬಹುದಿತ್ತು. ಬದನೆಕಾಯಿ ಹೆಚ್ಚಿದೆ.

ಸಂಜೆ ಎದೆಪಟ್ಟಿ ಕೈಗೆತ್ತಿಕೊಂಡಾಗ ಅವನೇ ಎದ್ದು ಬಂದ. ತಾನಾಗಿ ಅದರೊಳಗೆ ತಲೆ ತೂರಿಸಿದ. ಗೇಟು ತೆಗೆದದ್ದೇ ತಡ, ಬಾಲ ಎತ್ತಿಕೊಂಡು ನನ್ನನ್ನೇ ಎಳೆದುಕೊಂಡು ಹೊರಟ. ಆಗಾಗ ತಿರುಗಿ ನನ್ನ ಮುಖ ನೋಡುತ್ತಿದ್ದ. ಪಕ್ಕದ ಮನೆಯವರು, "ಅಂತೂ ಹೊಂದ್ಕೊಂತಲ್ರಿ" ಅಂದರು. ಹೂಂ ಅಂದೆ. ನಾನು ಸಿಸ್ಟರ್ ಹತ್ತಿರ ಕರೆದೊಯ್ಯುತ್ತಿದ್ದೇನೆ ಅಂದುಕೊಂಡಿದ್ದಾನೆ ಅಂತ ನನಗೆ ಗೊತ್ತಿತ್ತು.

ಸ್ಟೇಷನ್ನಿನ ಮುಂದೆ ಅವನು ಅತ್ತಿತ್ತ ಮೂಸಿದ. ಇಳಿದು ಬರುವವರ ಮುಖಗಳನ್ನೆಲ್ಲ ನೋಡಿದ. ನಾನು ಮನೆ ಕಡೆ ತಿರುಗಿದಾಗ ಅಲ್ಲೇ ಕೂತುಬಿಟ್ಟ. ಕರೆದೆ, ಬಿಸ್ಕತ್ತು ತೋರಿಸಿದೆ, ಬರಲಿಲ್ಲ.

ಪಟ್ಟಿ ಗಟ್ಟಿಯದೇ ಆರಿಸಿದ್ದೆ. ಎಳೆದುಕೊಂಡು ಬಂದೆ.